‘ಹ’ ಪುಟದ ಯಜಮಾನರು
ಜಪಾನಿನ ಮುರೊರಾನ್ ಬಂದರಿನ ಕರೋಕೆ ಅಂಗಡಿಯಲ್ಲಿ ಒಬ್ಬರ ಹಾಡನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕ್ರೇನ್ ಓಡಿಸಿ ನಿವೃತ್ತರಾದ ಕಾನ್ಬೆಯವರಂತೂ ಹಾಡಿನ ಪುಸ್ತಕದಲ್ಲಿ ‘ಹ’ ಅಕ್ಷರದ ಸಾಲುಸಾಲಿಗೂ ಹೆಸರು ಬರೆದು, ಇಡೀ ಪುಟವೇ ತಮ್ಮದೆಂದು ಸಾರಿಬಿಟ್ಟಿದ್ದರು. ಭಾನುವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಬಂದು, ಟೋಪಿ ತೆಗೆದು, ಹಡಗಿನ ಸೈರನ್ನೂ ತಲೆತಗ್ಗಿಸುವಂತೆ ಹಾಡುತ್ತಾರೆ. ಪುಟದಲ್ಲಿ ನಲವತ್ತು ಹಾಡಿದ್ದರೂ ಹಾಡುವುದು ಅವೇ ನಾಲ್ಕು. ಯಾರಾದರೂ ಆ ಪುಟ ತೆರೆದರೆ, “ಏಯ್, ಅದು ನನ್ನ ದೋಣಿಕಟ್ಟೆ, ನಿನ್ನ ದೋಣಿ ಆಚೆ ಕಟ್ಕೋ!” ಹೊಸದಾಗಿ ಉಕ್ಕಿನ ಕಾರ್ಖಾನೆ ಸೇರಿದ ತೊಕುಮಾರುಗೆ ಬರುತ್ತಿದ್ದುದು ಒಂದೇ ಹಾಡು, ಅದೂ ‘ಹ’ದ್ದು, ಕಂಠವೋ, ಕಾಗೆ ಕೂಡ ನೆಂಟಸ್ತನ ಹೇಳಿಕೊಳ್ಳದಂಥದ್ದು. ಒಂದು ಭಾನುವಾರ ಅಲ್ಲಿ ಎಲ್ಲರೆದುರು ಮೇಲಧಿಕಾರಿ ಮೈಕು ಕೈಗಿತ್ತಾಗ ಅವನು ಕಾನ್ಬೆಯವರತ್ತ ತಿರುಗಿದ. “ಯಜಮಾನ್ರೇ, ಇದೊಂದು ಬಿಟ್ರೆ ನಂಗೆ ಬೇರೆ ಗತಿಯಿಲ್ಲ.” “ಒಂದೇನಾ? ಪಾಪ, ಕಡುಬಡವ!” ಎಂದು ಗೊಣಗಿದ ಕಾನ್ಬೆಯವರು ಪೆನ್ಸಿಲ್ ತೆಗೆದು, ಆ ಸಾಲಿನಲ್ಲಿದ್ದ ತಮ್ಮ ಹೆಸರು ಹೊಡೆದು ಅವನದನ್ನು ಬರೆದರು. ಆಗಲೇ ತೊಕುಮಾರು ಪುಟವನ್ನು ಸರಿಯಾಗಿ ನೋಡಿದ್ದು. ಸಾಲುಸಾಲಿಗೂ ‘ಕಾನ್ಬೆ’ ಹೊಡೆದುಹಾಕಿ ಬೇರೆಬೇರೆಯವರ ಹೆಸರು ಬರೆದಿತ್ತು. ಮೊದಲನೆಯದು ಅವನ ಮೇಲಧಿಕಾರಿಯದೇ. ಮುದುಕರಿಗೆ ಉಳಿದಿದ್ದು ಇನ್ನು ಮೂರೇ ಹಾಡು. “ಇಡೀ ಪುಟ ನಂದೇ, ತಿಳೀತಾ?” ಎಂದರು ಕಾನ್ಬೆಯವರು, ಎದೆಯುಬ್ಬಿಸಿ. “ಈಗ ಹಾಡು, ಕೇಳೋಣ.”