ಸೊಟ್ಟ ಗಿಡಗಳ ಸಾಲು ಕಾಯುವ ಗೋವಿಂದಮ್ಮ

ಹೊಂಗೆ ಹಿಂಡಿ ನೆನೆದ ವಾಸನೆ ಮೂಗಿಗೆ ಬಿದ್ದರೆ ಗೋವಿಂದಮ್ಮನಿಗೆ ಅವ್ವನ ಕೈ ನೆನಪಾಗುತ್ತದೆ. ಸುಬ್ರಹ್ಮಣ್ಯಪುರದಲ್ಲಿ ಇನ್ನೂ ಕನಕಾಂಬರ ಬೆಳೆಯುತ್ತಿದ್ದ ಕಾಲ. ಹೂವಿನ ಗಿಡಗಳಿಗೆ ಹಿಂಡಿ ಕಲಸಿದ ಕೈಯನ್ನು ಅವ್ವ ಎಷ್ಟು ಉಜ್ಜಿ ತೊಳೆದರೂ ತುತ್ತಿಗೆ ಆ ಘಾಟು ಹತ್ತುತ್ತಿತ್ತು. ಈಗ ಕುಮಾರಸ್ವಾಮಿ ಲೇಔಟ್‌ನ ರಸ್ತೆ ಬದಿಯ ನರ್ಸರಿಯಲ್ಲಿ, ಮೊದಲ ಬಸ್ಸು ಹೋಗುವ ಹೊತ್ತಿಗೇ ಅವರು ಅದೇ ಹಿಂಡಿಯ ಡ್ರಮ್ಮಿನಲ್ಲಿ ಕೋಲು ತಿರುಗಿಸುತ್ತಿದ್ದಾರೆ.

ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸಕ್ಕೆ ಇದು ಹನ್ನೊಂದನೇ ವರ್ಷ. ನೀರು ಹಾಕುವುದು, ಕಳೆ ಕೀಳುವುದು, ಲೋಡು ಇಳಿಸುವುದು. ಬೆನ್ನು ಮೊದಲಿನಂತಿಲ್ಲ. "ಬಗ್ಗಿದ್ರೆ ಏಳಲ್ಲ, ಎದ್ರೆ ಬಗ್ಗಲ್ಲ. ನಾನೂ ಆ ಹಿಂದಿನ ಸಾಲಿನೋಳೇ ಬಿಡಿ" ಎನ್ನುತ್ತಾರೆ.

ಹಿಂದಿನ ಸಾಲೆಂದರೆ ಗೋಡೆಗೆ ಒತ್ತಿಕೊಂಡಿರುವ, ಯಾರೂ ಕೊಳ್ಳದ ಗಿಡಗಳು. ಕವರಿನಲ್ಲೇ ಬುಡ ದಪ್ಪಗಾದ, ಆಲದ ಜಾತಿಯ ಫೈಕಸ್, ಬಿಸಿಲು ಹುಡುಕುತ್ತ ವಾಲಿದ ಕಾಗದದ ಹೂವು, ತುದಿ ಮುರಿದ ಹುಣಸೆ. ಮಾಲೀಕ ಬೈರಣ್ಣ ಎಸೆಯಲು ಹೇಳಿದ್ದನ್ನೆಲ್ಲ ಗೋವಿಂದಮ್ಮ ಅಲ್ಲಿಗೆ ಸಾಗಿಸಿದ್ದಾರೆ. "ಬದುಕಿರೋದನ್ನ ಹೆಂಗೆ ಎಸೀಲಿ?"

ಸೋಮವಾರ ಬೈರಣ್ಣ ಕಡ್ಡಿ ಮುರಿದಂತೆ ಹೇಳಿದ್ದರು: ಶನಿವಾರ ಸೇವಂತಿಗೆ ಲೋಡು ಬರುತ್ತದೆ, ಅಷ್ಟರಲ್ಲಿ ಮಾರಿದರೆ ಸರಿ, ಇಲ್ಲವಾದರೆ ಸಾಲು ಖಾಲಿಯಾಗಬೇಕು. ಗೋವಿಂದಮ್ಮ ತಮಗೆ ತಿಳಿದ ದಾರಿ ಹಿಡಿದರು. ನೆಟ್ಟಗಿದ್ದರೆ ಯಾರಾದರೂ ಕೊಂಡಾರು ಎಂದು ಒಂದೊಂದಕ್ಕೂ ಬಿದಿರು ಕಡ್ಡಿ ಕೊಟ್ಟು ಹಳೇ ಸೀರೆಯ ಅಂಚಿನಿಂದ ಬಿಗಿದರು. ಮೇಲೆದ್ದ ಬೇರುಗಳನ್ನು ಹೊಸ ಮಣ್ಣು ಹಾಕಿ ಮುಚ್ಚಿದರು.

ಇಂದು ಶನಿವಾರ. ಯಡಿಯೂರಿನ ವಿಮಲಾ ಎಂಬ ನಿವೃತ್ತ ಟೀಚರ್ ಮೊದಲ ಸಲ ಇಲ್ಲಿಗೆ ಬಂದಿದ್ದಾರೆ. ಕಡಿಮೆ ಬೆಲೆಯ ನರ್ಸರಿ ಗಿಡ ಕೊಂಡು ತಾರಸಿಯಲ್ಲಿ ಬೋನ್ಸಾಯ್ ಬೆಳೆಸುವುದು ಅವರ ಹವ್ಯಾಸ. ಹಿಂದಿನ ಸಾಲಿನೆದುರು ನಿಂತುಬಿಡುತ್ತಾರೆ.

"ಇವಕ್ಕೆಲ್ಲ ಯಾಕಮ್ಮ ಕಡ್ಡಿ?"

"ಸೊಟ್ಟಗವೆ ಮೇಡಂ. ಅದಕ್ಕೇ ಸರಿ ಮಾಡಿದೀನಿ."

"ಬಿಚ್ಚಿ, ಬಿಚ್ಚಿ. ಪುಟ್ಟ ಕುಂಡದಲ್ಲಿ ಹಳೇ ಮರದ ಥರ ಕಾಣ್ಬೇಕು ಅಂದ್ರೆ ಈ ಸೊಟ್ಟ, ಈ ದಪ್ಪ ಬುಡಾನೇ ಬೇಕು. ನೆಟ್ಟಗಿರೋದು ತಗೊಂಡೋಗಿ ತಾರಸೀಲಿ ಲೈಟ್ ಕಂಬ ನೆಡ್ಲಾ?"

"ಮೂರು ದಿನ ಬೆನ್ನು ಮುರ್ಕೊಂಡು ಕಟ್ಟಿದೀನಿ. ಸೋಮವಾರಾನೇ ಬರಬಾರ್ದಿತ್ತಾ ನೀವು?"

ವಿಮಲಾ ನಗುತ್ತ ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ. ಇಬ್ಬರೂ ಗಂಟು ಬಿಚ್ಚುತ್ತಾರೆ, ಮುಚ್ಚಿದ ಬೇರುಗಳನ್ನು ಬೆರಳಿನಿಂದ ಬಿಡಿಸುತ್ತಾರೆ. ಕಾಂಡಗಳು ಬಲಿತಿವೆ, ಕಟ್ಟು ಸಡಿಲಿದ್ದೇ ತಡ, ಹಳೆಯ ಬಾಗಿಗೇ ಮರಳುತ್ತವೆ. ವಿಮಲಾ ಸೀರೆಯಂಚುಗಳನ್ನು ಅಂದವಾಗಿ ಸುತ್ತಿ ಹಿಂದಿರುಗಿಸುತ್ತಾರೆ. ಐದು ಗಿಡ ಆರಿಸಿಕೊಂಡು, "ಮುಂದಿನ ವಾರ ಫ್ರೆಂಡ್ಸ್‌ನ ಕರ್ಕೊಂಡು ಬರ್ತೀನಿ. ಉಳಿದಿದ್ದನ್ನ ಎಸೀಬೇಡಿ" ಎಂದು ಹೊರಡುತ್ತಾರೆ.

"ಬರ್ತೀನಿ ಅಂದೋರೆಲ್ಲ ಬಂದಿದ್ರೆ ನಾನು ಇಷ್ಟೊತ್ತಿಗೆ ಕಾರಲ್ಲಿ ಓಡಾಡ್ತಿದ್ದೆ" ಎಂದು ಬೈರಣ್ಣ ಗೊಣಗುತ್ತಾರೆ.

ಅಷ್ಟರಲ್ಲಿ ಸೇವಂತಿಗೆ ಲೋಡು ಬಂದು ನಿಲ್ಲುತ್ತದೆ. ಗೋವಿಂದಮ್ಮ ಬೆಳಗಿನಿಂದ ಏನೂ ತಿಂದಿಲ್ಲ. "ನಂಗೇನೂ ಬ್ಯಾಡ ಅಣ್ಣ, ಆ ಹಿಂದಿನ ಸಾಲು ಒಂದು ವಾರ ಅಲ್ಲೇ ಇರ್ಲಿ" ಎನ್ನುತ್ತಾರೆ.

ಬೈರಣ್ಣ ಗೇಟಿನೊಳಗೆ ನೆರಳಿನಲ್ಲಿದ್ದ ತಮ್ಮ ಸ್ಕೂಟರನ್ನು ಬಿಸಿಲಿಗೆ ತಳ್ಳಿ, ಆ ಜಾಗದಲ್ಲಿ ಸೇವಂತಿಗೆ ಇಳಿಸುತ್ತಾರೆ. ಆಮೇಲೆ, ಹಿಂದಿನ ಸಾಲಿಗೆ ನೀರು ಬಿಡಲು ಹೊರಟ ಗೋವಿಂದಮ್ಮನ ಕೈಯಿಂದ ಪೈಪನ್ನು ತಾವು ತೆಗೆದುಕೊಂಡು, ಆ ಕೈಗೆ ಚಿತ್ರಾನ್ನದ ಪೊಟ್ಟಣ ಇಡುತ್ತಾರೆ.