ಎಡಗಡೆಯ ಕಡಲು

ಕೋವಿಡ್ ಕಾಲದಲ್ಲಿ ಉಳಿದದ್ದೆಲ್ಲ ಮುಚ್ಚಿದ್ದಾಗ ನನಗೆ ಗಾಲ್ಫ್ ಕಲಿಸಿದವರು ನಮ್ಮ ಬೀದಿಯ ಅಂಕಲ್. ಧಾರವಾಡದವರು, ರಿಟೈರಾದ ಎಂಜಿನಿಯರ್. ಆಂಟಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಸ್ಯಾನ್ ಡಿಯಾಗೋದ ಉತ್ತರಕ್ಕೆ, ಕಡಲಂಚಿನ ಕಡಿದಾದ ದಿಬ್ಬದ ಮೇಲೆ ಚಾಂಪಿಯನ್‌ಶಿಪ್ ಪಂದ್ಯಗಳು ನಡೆಯುವ ಗಾಲ್ಫ್ ಕೋರ್ಸಿದೆ. ಶನಿವಾರಗಳಂದು ಅವರ ಕಾರಿನಲ್ಲೇ ಅಲ್ಲಿಗೆ ಹೋಗುತ್ತಿದ್ದೆವು. ಬೀಸುಗಾಳಿಯಲ್ಲಿ ನನ್ನ ಚೆಂಡು ಎಲ್ಲಿ ಬಿತ್ತೆಂದು ನನಗಿಂತ ಮೊದಲು ಅವರೇ ಹೇಳುತ್ತಿದ್ದರು.

ಹೀಗೇ ಮೂರು ವರ್ಷ ಕಳೆದಿತ್ತು. ಒಂದು ಶನಿವಾರ ಫ್ರೀವೇಯಲ್ಲಿ ಅವರ ಕಾರು ಮೆಲ್ಲಗೆ ಎಡಕ್ಕೆ ಸರಿಯಿತು. ಆ ಲೇನಿನಲ್ಲಿದ್ದ ವ್ಯಾನು ಉದ್ದಕ್ಕೆ ಹಾರ್ನ್ ಹೊಡೆಯಿತು.

"ಎಲ್ಲಿಂದ ಬಂತವಾ ಇದು!" ಎಂದು ನಕ್ಕರು. ನಾನೂ ನಕ್ಕೆ.

ಅಂದು ಮಂಜಿರಲಿಲ್ಲ. ಬಿಸಿಲು ಹರವಾಗಿ ಬಿದ್ದಿತ್ತು, ನೀರು ಕಣ್ಣು ಕುಕ್ಕುತ್ತಿತ್ತು. ಮೊದಲ ಗ್ರೀನಿನ ಮೇಲೆ, ಕುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ, ಅಂಕಲ್ ತಮ್ಮ ಚೆಂಡು ಹುಡುಕತೊಡಗಿದರು. ಅದು ಅವರ ಎಡಗಾಲಿನ ಪಕ್ಕದಲ್ಲೇ ಇತ್ತು. ತೋರಿಸಿದೆ. ಮುಂದಿನ ಗ್ರೀನಿನಲ್ಲೂ ಹಾಗೇ ಆಯಿತು. ವಯಸ್ಸಾಯಿತಲ್ಲ ಎಂದುಕೊಂಡೆ.

ಆಮೇಲೆ ಕಡಲಿಗೆ ತಾಗಿಕೊಂಡೇ ಹೋಗುವ ಆಟದ ದಾರಿ ಬಂತು. ಎಡಕ್ಕೆ ಮೊಣಕಾಲೆತ್ತರದ ಹಗ್ಗ, ಅದರಾಚೆ ಕುಸಿಯುತ್ತಿರುವ ಮರಳುಗಲ್ಲು, ತುಂಬ ಕೆಳಗೆ ಅಲೆಗಳು. ಅಂಕಲ್ ನನ್ನ ಕಡೆ ಮುಖ ತಿರುಗಿಸಿ ಮಾತಾಡುತ್ತಲೇ ನಡೆದು ಹಗ್ಗಕ್ಕೆ ಎಡವಿದರು. ಓಡಿಹೋಗಿ ತೋಳು ಹಿಡಿದೆ.

"ಅಂಕಲ್, ಹಗ್ಗ ಕಾಣಿಸ್ಲಿಲ್ವಾ?"

"ಯಾವ ಹಗ್ಗ?"

ಅವರನ್ನು ಹಿಂದಕ್ಕೆ ಎಳೆದು ನಿಲ್ಲಿಸಿದೆ. "ನನ್ನ ಮುಖಾನೇ ನೋಡಿ. ಎಡಗಡೆ ಸಮುದ್ರ ಕಾಣಿಸ್ತಿದೆಯಾ?"

ಮೆಲ್ಲಗೆ, "ಸಪ್ಪಳಾ ಕೇಳಸ್ತದ," ಎಂದರು.

ಕಾರಿನ ಕೀ ಕೇಳಿದರೆ ಕೊಡಲಿಲ್ಲ. "ನಾ ಚಲೋ ಇದ್ದೀನಿ, ಅಂಜಬ್ಯಾಡ," ಎಂದರು. ಪಾರ್ಕಿಂಗಿನಲ್ಲಿ ತಮ್ಮ ಎಡಕ್ಕೇ ಇದ್ದ ಸ್ವಂತ ಕಾರನ್ನು ದಾಟಿ ಮುಂದೆ ಹೋದರು. ಕರೆದೆ. ನಿಂತರು, ತಿರುಗಿ ಬಂದು ಕೀ ನನ್ನ ಕೈಗಿಟ್ಟರು.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಆಗಿ ಒಂದೆರಡು ದಿನವಾಗಿರಬಹುದು, ಎರಡೂ ಕಣ್ಣಿಗೆ ಎಡಗಡೆಯ ನೋಟ ಹೋಗಿದೆ ಎಂದರು. ಅಂಕಲ್ ನನ್ನ ಕೈ ಹಿಡಿದುಕೊಂಡು, "ಕಾರಿನ್ಯಾಗ ನಿನ್ನ ಕೂಡಿಸ್ಕೊಂಡು ಬಂದ್ನಲ್ಲವಾ," ಎಂದು ಅತ್ತರು. ನನಗೆ ಅಳು ಬರಲಿಲ್ಲ. ಆ ವ್ಯಾನಿನ ಹಾರ್ನ್ ಮಾತ್ರ ಕಿವಿಯಲ್ಲಿತ್ತು.

ಹೋದ ನೋಟ ಮರಳಲಿಲ್ಲ. ಲಾಸ್ ಏಂಜಲಿಸ್ ಕಡೆ ಪೋರ್ಟರ್ ರ್ಯಾಂಚ್‌ನಲ್ಲಿರುವ ಮಗಳು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಕಳೆದ ವಾರ ಫೋನಿನಲ್ಲಿ ನನ್ನ ಆಟದ ಬಗ್ಗೆ ವಿಚಾರಿಸುತ್ತ, ನಡುವೆ, "ಬಲಗೈ ಬೆರಳು ಯಾಕೋ ಜುಮ್ ಅಂತಾವ," ಎಂದರು. ಮತ್ತೆ ಸ್ಟ್ರೋಕೇನೋ ಎಂದು ತಕ್ಷಣ ಮಗಳಿಗೆ ಫೋನ್ ಮಾಡಿದೆ. ಆಸ್ಪತ್ರೆಗೆ ಕರೆದೊಯ್ದಳು. ಸಂಜೆ ಅವಳ ಮೆಸೇಜು ಬಂತು: ಸ್ಕ್ಯಾನ್ ಮಾಡಿದರು, ಅದರಲ್ಲಿ ಸದ್ಯಕ್ಕೆ ಹೊಸದೇನೂ ಕಾಣಿಸುತ್ತಿಲ್ಲವಂತೆ.