‘ಮನಿ’ ಅಂದರೆ ತಪ್ಪಂತೆ!

“ತಪ್ಪು!” ಎಂದು ಶಿಕ್ಷಕಿ ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದಾಗ ನನ್ನ ಮೊಮ್ಮಗಳು ಬೆಚ್ಚಿಬಿದ್ದು ನನ್ನ ಸೆರಗು ಹಿಡಿದುಕೊಂಡಳು. ರಾಮದುರ್ಗದ ಶಾಲೆಯೊಂದಕ್ಕೆ ನರ್ಸರಿ ಪ್ರವೇಶಕ್ಕೆಂದು ಹೋಗಿದ್ದೆವು. ಮೂರು ವರ್ಷದ ಕೂಸು. ನಮ್ಮೂರು ಉಗರಗೋಳದ ಅಂಗಡಿ ಬೋರ್ಡುಗಳನ್ನು ನೋಡಿ ನೋಡಿಯೇ ಓದಲು ಕಲಿತಿದ್ದಳು. ಕಾರ್ಡಿನಲ್ಲಿ ‘ಮನೆ’ ಎಂದಿತ್ತು. ಅವಳು ಖುಷಿಯಿಂದ, ನಮ್ಮ ಕಡೆಯ ಮಾತಿನಂತೆ ‘ಮನಿ’ ಎಂದು ಓದಿದ್ದಳು.

“ಅದರಾಗ ಚಿತ್ರಾನೂ ಇಲ್ಲರಿ. ಅಕ್ಷರ ಓದೇ ಮನಿ ಅಂದಾಳ,” ಎಂದೆ. ಅವರು ಕೇಳಲಿಲ್ಲ. ಫಾರಂ ಮೇಲೆ ‘ಓದಲು ಬರುವುದಿಲ್ಲ’ ಎಂದು ಬರೆದೇಬಿಟ್ಟರು. ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು.

“ಇನ್ನೂ ಸಾಲ್ಯಾಗ ಅದೀನಿ. ಮನಿಗೆ ಬಂದಮ್ಯಾಲ ಮಾತಾಡತೇನಿ,” ಎಂದರು!

ನನ್ನ ಮೈಯೆಲ್ಲ ಉರಿದುಹೋಯಿತು. “ಎಲ್ಲಿಗೆ ಬರ್ತೇನಿ ಅಂದ್ರಿ ಅಕ್ಕೋರ? ಇನ್ನೊಮ್ಮೆ ಹೇಳ್ರಿ, ಕೂಸು ಕೇಳಲಿ,” ಎಂದು ಆ ಫಾರಂ ಕಸಿದುಕೊಂಡು ಎದ್ದು ಬಂದೆ.

ಈಗ ಅವಳು ಬೋರ್ಡು ಕಂಡರೆ ಮೊದಲಿನಂತೆ ಕೂಗಿ ಓದುವುದಿಲ್ಲ. ಅಕ್ಷರ ನೋಡಿ, ನನ್ನ ಮುಖ ನೋಡಿ, ಕಿವಿಯಲ್ಲಿ ಪಿಸುಗುಟ್ಟುತ್ತಾಳೆ: “ಆಯಿ, ಇದನ್ನ ಓದ್ಲೇನು? ಬೈಯೂದಿಲ್ಲಲಾ?”